ಎಡಬ್ಲ್ಯೂಸ್ಟ್ಯಾಟ್ಸ್

ಎಡಬ್ಲ್ಯೂಸ್ಟ್ಯಾಟ್ಸ್ ಎಂಬುದು ವೆಬ್ ಸರ್ವರ್‌ಗಳ ಲಾಗ್ ಕಡತಗಳನ್ನು ಓದಿ, ಜಾಲತಾಣದ ಬಳಕೆಯ ಕುರಿತು ಅಂಕಿಅಂಶಗಳ ವರದಿಯನ್ನು ಸಿದ್ಧಪಡಿಸುವ ಮುಕ್ತ ತಂತ್ರಾಂಶವಾಗಿದೆ. 'ಅಡ್ವಾನ್ಸ್‌ಡ್ ವೆಬ್ ಸ್ಟ್ಯಾಟಿಸ್ಟಿಕ್ಸ್' ಎಂಬುದರ ಸಂಕ್ಷಿಪ್ತ ರೂಪವೇ ಈ ಹೆಸರು. ಲೊರಾಂ ದೆಸ್ತೈಯೆರ್ ಅವರು ಪರ್ಲ್ ಭಾಷೆಯಲ್ಲಿ ರಚಿಸಿದ ಇದು 2000ರಲ್ಲಿ ಬಳಕೆಗೆ ಬಂದಿತು. ಗ್ನೂ ಜಿಪಿಎಲ್ ಪರವಾನಗಿಯಡಿ ಉಚಿತವಾಗಿ ದೊರೆಯುತ್ತದೆ.

ಲಾಗ್ ಕಡತ

ಸರ್ವರ್ ತನಗೆ ಬಂದ ಪ್ರತಿಯೊಂದು ಕೋರಿಕೆಯನ್ನೂ ಒಂದು ಸಾಲಿನಲ್ಲಿ ದಾಖಲಿಸುತ್ತದೆ. ಅಪಾಚೆ ಸರ್ವರ್‌ನ 'ಕಂಬೈನ್ಡ್' ಮಾದರಿಯಲ್ಲಿ ಕೋರಿದವರ ಐಪಿ ವಿಳಾಸ, ದಿನಾಂಕ ಮತ್ತು ಸಮಯ, ಕೋರಿದ ಕಡತ, ಸ್ಥಿತಿ ಸಂಕೇತ, ಕಳುಹಿಸಿದ ಬೈಟ್‌ಗಳು, ಹಿಂದಿನ ಪುಟದ ವಿಳಾಸ ಹಾಗೂ ಬ್ರೌಸರ್‌ನ ಹೆಸರು ಇರುತ್ತವೆ. 'ಕಾಮನ್' ಮಾದರಿಯಲ್ಲಿ ಕೊನೆಯ ಎರಡು ಅಂಶಗಳು ಇರುವುದಿಲ್ಲ.

ಡೆಸ್ಕ್‌ಟಾಪ್ ಗಣಕದಲ್ಲಿ ಬಳಕೆ

ಈ ತಂತ್ರಾಂಶವನ್ನು ಸರ್ವರ್‌ನಲ್ಲಿಯೇ ಸಿಜಿಐ ಕಾರ್ಯಕ್ರಮವಾಗಿ ನಡೆಸಬಹುದು. ಆದರೆ 6.3ಕ್ಕಿಂತ ಹಿಂದಿನ ಕೆಲವು ಆವೃತ್ತಿಗಳಲ್ಲಿ ದೂರದಿಂದಲೇ ಸರ್ವರ್‌ಗೆ ಆಜ್ಞೆ ನೀಡಲು ಅವಕಾಶ ಕೊಡುವ ಭದ್ರತಾ ದೋಷವಿದ್ದುದು 2005ರಲ್ಲಿ ಬಹಿರಂಗವಾಯಿತು. ಲಾಗ್ ಕಡತಗಳನ್ನು ಸ್ವಂತ ಗಣಕಕ್ಕೆ ಇಳಿಸಿಕೊಂಡು ವಿಶ್ಲೇಷಿಸಿದರೆ ಇಂತಹ ಅಪಾಯವೂ ಸರ್ವರ್‌ನ ಮೇಲಿನ ಹೊರೆಯೂ ತಪ್ಪುತ್ತವೆ.

ಅನುಸ್ಥಾಪನೆಯ ಹಂತಗಳು

1. ಮೊದಲು ಗಣಕದಲ್ಲಿ ಪರ್ಲ್ ಇರಬೇಕು. ಲಿನಕ್ಸ್‌ನಲ್ಲಿ ಇದು ಸಾಮಾನ್ಯವಾಗಿ ಮೊದಲೇ ಇರುತ್ತದೆ. ವಿಂಡೋಸ್‌ನಲ್ಲಿ ಸ್ಟ್ರಾಬೆರಿ ಪರ್ಲ್‌ನಂತಹ ಪ್ಯಾಕೇಜನ್ನು ಪ್ರತ್ಯೇಕವಾಗಿ ಸ್ಥಾಪಿಸಬೇಕು.
2. ತಂತ್ರಾಂಶದ ಸಂಕುಚಿತ ಕಡತವನ್ನು ಇಳಿಸಿಕೊಂಡು ಒಂದು ಫೋಲ್ಡರ್‌ನಲ್ಲಿ ಬಿಡಿಸಬೇಕು.
3. ಸರ್ವರ್‌ನಿಂದ ಲಾಗ್ ಕಡತಗಳನ್ನು ಎಸ್‌ಎಫ್‌ಟಿಪಿ ಮೂಲಕ ತರಬೇಕು. ಅನೇಕ ಸರ್ವರ್‌ಗಳು ಹಳೆಯ ಲಾಗ್‌ಗಳನ್ನು ಕೆಲವು ದಿನಗಳಲ್ಲಿ ಅಳಿಸುವುದರಿಂದ ಇದನ್ನು ನಿಯಮಿತವಾಗಿ ಮಾಡಬೇಕಾಗುತ್ತದೆ.
4. ಜೊತೆಗೆ ಬರುವ ಮಾದರಿ ಸಂರಚನಾ ಕಡತವನ್ನು ನಕಲು ಮಾಡಿ, ಜಾಲತಾಣದ ಹೆಸರಿನಲ್ಲಿ ಉಳಿಸಬೇಕು. ಅದರಲ್ಲಿ ಲಾಗ್ ಕಡತ ಇರುವ ಸ್ಥಳ, ತಾಣದ ಡೊಮೇನ್ ಹೆಸರು, ದತ್ತಾಂಶ ಉಳಿಸುವ ಫೋಲ್ಡರ್ ಹಾಗೂ ಲಾಗ್‌ನ ಮಾದರಿಯನ್ನು ನಮೂದಿಸಬೇಕು. ಕಂಬೈನ್ಡ್ ಮಾದರಿಗೆ 1, ಕಾಮನ್ ಮಾದರಿಗೆ 4 ಎಂಬ ಸಂಖ್ಯೆಯನ್ನು ಬಳಸಲಾಗುತ್ತದೆ.
5. ಆಜ್ಞಾ ಸಾಲಿನಿಂದ ಮೊದಲು 'ಅಪ್‌ಡೇಟ್' ಆಜ್ಞೆಯನ್ನು, ಬಳಿಕ 'ಔಟ್‌ಪುಟ್' ಆಜ್ಞೆಯನ್ನು ನೀಡಿದರೆ ವರದಿಯನ್ನು ಎಚ್‌ಟಿಎಂಎಲ್ ಪುಟವಾಗಿ ಪಡೆಯಬಹುದು.

ಲಾಗ್‌ಗಳನ್ನು ಕಾಲಾನುಕ್ರಮದಲ್ಲಿಯೇ ಸಂಸ್ಕರಿಸಬೇಕು. ಮಾರ್ಚ್ ತಿಂಗಳ ಕಡತವನ್ನು ಮೊದಲು ಓದಿಸಿ ಆಮೇಲೆ ಫೆಬ್ರವರಿಯದನ್ನು ಕೊಟ್ಟರೆ, ಹಳೆಯ ದಾಖಲೆಗಳೆಂದು ಅವು ಕೈಬಿಡಲ್ಪಡುತ್ತವೆ. ಆಗ ಆ ತಿಂಗಳ ಮತ್ತು ನಂತರದ ತಿಂಗಳುಗಳ ದತ್ತಾಂಶ ಕಡತಗಳನ್ನು ಅಳಿಸಿ, ಕ್ರಮವಾಗಿ ಮತ್ತೆ ಓದಿಸಬೇಕಾಗುತ್ತದೆ.

ವರದಿಯ ಅರ್ಥ ಮತ್ತು ಮಿತಿಗಳು

ಹತ್ತು ಚಿತ್ರಗಳಿರುವ ಒಂದು ಪುಟವನ್ನು ಮೊದಲ ಬಾರಿ ತೆರೆದಾಗ ಕನಿಷ್ಠ ಹನ್ನೊಂದು 'ಹಿಟ್'ಗಳು ದಾಖಲಾಗುತ್ತವೆ. ಆದರೆ 'ಪುಟ' ಒಂದೇ. ಆದ್ದರಿಂದ ಹಿಟ್‌ಗಳ ಸಂಖ್ಯೆಯನ್ನು ಓದುಗರ ಸಂಖ್ಯೆಯೆಂದು ಭಾವಿಸುವುದು ತಪ್ಪಾಗುತ್ತದೆ. ಒಂದೇ ವಿಳಾಸದಿಂದ ಅರವತ್ತು ನಿಮಿಷಗಳ ಅಂತರದ ನಂತರ ಬಂದ ಕೋರಿಕೆಯನ್ನು ಹೊಸ 'ಭೇಟಿ' ಎಂದು ಎಣಿಸಲಾಗುತ್ತದೆ. ಒಂದು ಕಾಲೇಜಿನ ಎಲ್ಲ ಗಣಕಗಳೂ ಒಂದೇ ಐಪಿ ವಿಳಾಸದಿಂದ ಹೊರಹೋಗುತ್ತಿದ್ದರೆ, ನೂರು ವಿದ್ಯಾರ್ಥಿಗಳು ಒಬ್ಬ ಸಂದರ್ಶಕನಂತೆ ಕಾಣಿಸುತ್ತಾರೆ. ಬ್ರೌಸರ್‌ನ ಕ್ಯಾಶ್‌ನಿಂದ ತೆರೆದುಕೊಂಡ ಪುಟಗಳು ಲಾಗ್‌ನಲ್ಲಿ ಬರುವುದೇ ಇಲ್ಲ. ಶೋಧಯಂತ್ರಗಳ ಪರಿಚಿತ ರೋಬಾಟ್‌ಗಳನ್ನು ಪ್ರತ್ಯೇಕವಾಗಿ ತೋರಿಸಲಾಗುತ್ತದೆಯಾದರೂ, ಬ್ರೌಸರ್‌ನ ವೇಷದಲ್ಲಿ ಬರುವವು ಮನುಷ್ಯರ ಲೆಕ್ಕದಲ್ಲಿಯೇ ಸೇರುತ್ತವೆ.

ದೊರೆಯದ ಪುಟಗಳನ್ನು ಸೂಚಿಸುವ 404 ಸಂಕೇತದ ಪಟ್ಟಿಯು ಮುರಿದ ಕೊಂಡಿಗಳನ್ನು ಸರಿಪಡಿಸಲು ನೆರವಾಗುತ್ತದೆ.

ಖಾಸಗಿತನ

ಲಾಗ್ ಕಡತದಲ್ಲಿ ಯಾವ ವಿಳಾಸದಿಂದ ಯಾವ ಪುಟವನ್ನು ಯಾವಾಗ ಓದಲಾಯಿತೆಂಬ ವಿವರ ಉಳಿಯುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ನಿಯಮವು ವ್ಯಕ್ತಿಯನ್ನು ಗುರುತಿಸಬಲ್ಲ ಇಂತಹ ವಿಳಾಸಗಳನ್ನು ವೈಯಕ್ತಿಕ ಮಾಹಿತಿಯೆಂದು ಪರಿಗಣಿಸುತ್ತದೆ. ಆದುದರಿಂದ ಡೆಸ್ಕ್‌ಟಾಪ್‌ಗೆ ಇಳಿಸಿಕೊಂಡ ಕಡತಗಳನ್ನು ಇತರರ ಕೈಗೆ ಸಿಗದಂತೆ ಇರಿಸಿ, ವರದಿ ಸಿದ್ಧವಾದ ನಂತರ ಅನಗತ್ಯವಾದವನ್ನು ಅಳಿಸುವುದು ಸೂಕ್ತ.