ಹೆಸರುಗಳ ಗೋಡೆ

ಅಕ್ಕಂದಿರೇ, ಊರಿನ ಸರ್ಕಲ್‌ನಲ್ಲಿ ಶಿಲ್ಪ ಮಾಡಿಸುತ್ತಾರೆ ಅಂದರೆ ನಮ್ಮ ಕಣ್ಣ ಮುಂದೆ ಏನು ಬರುತ್ತದೆ? ಒಂದು ಕಟ್ಟೆ. ಕಟ್ಟೆಯ ಮೇಲೆ ಒಬ್ಬ ದೊಡ್ಡವರ ಮೂರ್ತಿ. ಜಯಂತಿಯ ದಿನ ಕೊರಳಿಗೆ ಹಾರ.

ಮುಖವೇ ಇಲ್ಲದ ಶಿಲ್ಪವೂ ಉಂಟು. ಅದಕ್ಕೆ ಅಮೂರ್ತ ಶಿಲ್ಪ ಅನ್ನುತ್ತಾರೆ. ಅಂದರೆ ಮನುಷ್ಯ, ಪ್ರಾಣಿ, ಗಿಡ ಯಾವುದರ ರೂಪವೂ ಅದರಲ್ಲಿ ಇರುವುದಿಲ್ಲ. ಬರೀ ಆಕಾರ. "ಇದೂ ಒಂದು ಶಿಲ್ಪವೇ?" ಅಂತ ನೀವು ಕೇಳಬಹುದು. ಲಿಂಗಕ್ಕೆ ಕಣ್ಣು ಮೂಗು ಉಂಟೇನು? ಆದರೂ ಅದರ ಮುಂದೆ ನಿಂತರೆ ಮನಸ್ಸು ಬೇರೆ ಆಗುತ್ತದಲ್ಲ!

ಇಂಥ ಶಿಲ್ಪವನ್ನು ಹೇಗೆ ಯೋಚಿಸಿ ಮಾಡುತ್ತಾರೆ? ಒಂದು ಗೋಡೆಯ ಕಥೆ ನೋಡೋಣ. ಗೋಡೆ ಇರುವುದು ದೂರದ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ. ಅದರ ಕರಿಕಲ್ಲು ಹೋದದ್ದು ಮಾತ್ರ ನಮ್ಮ ಬೆಂಗಳೂರಿನ ಕಡೆಯಿಂದ.

ಅಮೆರಿಕ ದೇಶ ವಿಯೆಟ್ನಾಂ ಎಂಬ ದೇಶಕ್ಕೆ ಸೈನ್ಯ ಕಳಿಸಿ ಯುದ್ಧ ಮಾಡಿತು. ಯುದ್ಧ 1975ರಲ್ಲಿ ಮುಗಿಯಿತು. ಅಮೆರಿಕದ ಸುಮಾರು 58 ಸಾವಿರ ಜನ ಸತ್ತಿದ್ದರು, ಕಾಣೆಯಾಗಿದ್ದರು. ತಿರುಗಿ ಬಂದ ಸೈನಿಕರು ಜನರಿಂದ ಹಣ ಕೂಡಿಸಿ, ಸತ್ತವರಿಗೆ ಒಂದು ಗುರುತು ನಿಲ್ಲಿಸಬೇಕು ಅಂತ ಹೊರಟರು. ಅವರ ಷರತ್ತುಗಳು ಇವು: ಸತ್ತ ಎಲ್ಲರ ಹೆಸರೂ ಇರಬೇಕು. ಯುದ್ಧ ಸರಿಯೋ ತಪ್ಪೋ ಅಂತ ಹೇಳಬಾರದು. ಸುತ್ತಲಿನ ಜಾಗಕ್ಕೆ ಹೊಂದಬೇಕು. ನೋಡಿದವರು ನಿಂತು ಯೋಚಿಸುವಂತಿರಬೇಕು.

1981ರಲ್ಲಿ ಸ್ಪರ್ಧೆ ನಡೆಯಿತು. 1,400ಕ್ಕೂ ಹೆಚ್ಚು ನಕ್ಷೆಗಳು ಬಂದವು. ನಕ್ಷೆಯ ಮೇಲೆ ಬರೆದವರ ಹೆಸರಿಲ್ಲ, ಬರೀ ನಂಬರು. ದೊಡ್ಡವರು ಯಾರು, ಸಣ್ಣವರು ಯಾರು, ಆರಿಸುವವರಿಗೆ ಗೊತ್ತಾಗಬಾರದು ಅಂತ. ಗೆದ್ದವರು ಯಾರು ಗೊತ್ತೇ? ಇನ್ನೂ ಓದುತ್ತಿದ್ದ 21 ವರ್ಷದ ಹುಡುಗಿ. ಹೆಸರು ಮಾಯಾ ಲಿನ್. ತಂದೆ ತಾಯಿ ಚೀನಾದಿಂದ ಬಂದು ನೆಲೆಸಿದವರು. ಹೆಸರಿನ ಬದಲು ನಂಬರು ಹಾಕದಿದ್ದರೆ ಈ ಹುಡುಗಿಯ ನಕ್ಷೆಯನ್ನು ಯಾರಾದರೂ ಬಿಡಿಸಿ ನೋಡುತ್ತಿದ್ದರೇ? ನಮಗಂತೂ ಅನುಮಾನ.

ಮಾಯಾ ಮೊದಲು ಆ ಜಾಗ ನೋಡಿ ಬಂದರು. ಹುಲ್ಲಿನ ಬಯಲು. ನೆಲವನ್ನು ಚಾಕುವಿನಿಂದ ಕುಯ್ದರೆ ಹೇಗೆ ಅಂತ ಅವರಿಗೆ ಹೊಳೆಯಿತು. ಕಾಲೇಜಿನ ಊಟದ ಮನೆಯಲ್ಲಿ ಬೇಯಿಸಿ ಹಿಸುಕಿದ ಆಲೂಗಡ್ಡೆಯಲ್ಲೇ ಮಾದರಿ ಮಾಡಿ ನೋಡಿದರು. ನಾವು ರೊಟ್ಟಿ ಹಿಟ್ಟಿನಲ್ಲಿ ಮಕ್ಕಳಿಗೆ ಎತ್ತು, ಗುಬ್ಬಿ ಮಾಡಿಕೊಡುತ್ತೇವಲ್ಲ, ಹಾಗೆ.

ಆ ಗೋಡೆ ಹೀಗಿದೆ. ಪುಸ್ತಕ ತೆರೆದಿಟ್ಟರೆ ಎರಡು ಹಾಳೆ ಕಾಣುತ್ತವಲ್ಲ, ಹಾಗೆ ಎರಡು ಗೋಡೆಗಳು ಒಂದು ಮೂಲೆಯಲ್ಲಿ ಕೂಡುತ್ತವೆ. ಒಂದೊಂದೂ ಸುಮಾರು 246 ಅಡಿ ಉದ್ದ. ತುದಿಯಲ್ಲಿ ಎತ್ತರ ಒಂದು ಗೇಣಿಗಿಂತ ಕಡಿಮೆ. ನಡೆಯುತ್ತ ಹೋದಂತೆ ದಾರಿ ಇಳಿಯುತ್ತದೆ, ಗೋಡೆ ಎತ್ತರ ಆಗುತ್ತದೆ. ಹೊಂಡಕ್ಕೆ ಇಳಿದ ಹಾಗೆ. ನಡುವಿನ ಮೂಲೆಗೆ ಬಂದಾಗ ಗೋಡೆ 10 ಅಡಿ. ಹೆಸರುಗಳು ತಲೆಗಿಂತ ಮೇಲೆ.

ಬರೀ ಹೆಸರು. ಹುದ್ದೆ ಇಲ್ಲ. ಅಧಿಕಾರಿಯೂ ಒಂದೇ, ಸಿಪಾಯಿಯೂ ಒಂದೇ. ಹೆಸರುಗಳನ್ನು ಅಕ್ಷರದ ಸಾಲಿನಲ್ಲಿ ಕೆತ್ತಲಿಲ್ಲ. ಹಾಗೆ ಮಾಡಿದರೆ ಒಂದೇ ಹೆಸರಿನವರೆಲ್ಲ ಒಂದೇ ಕಡೆ ಬರುತ್ತಾರೆ. ಹತ್ತು ಜನ ಹನುಮಂತಪ್ಪ ಸಾಲಾಗಿ ಇದ್ದರೆ ನಿಮ್ಮ ಹನುಮಂತಪ್ಪ ಯಾರು? ಅದಕ್ಕೇ ಸತ್ತ ದಿನದ ಸಾಲಿನಲ್ಲಿ ಕೆತ್ತಿದರು. ಒಂದೇ ದಿನ ಸತ್ತ ಗೆಳೆಯರು ಜೊತೆಯಲ್ಲೇ ಇರುತ್ತಾರೆ. ಹೆಸರು ಹುಡುಕಲು ಪಕ್ಕದಲ್ಲಿ ಪುಸ್ತಕ ಇಟ್ಟಿದ್ದಾರೆ. ಸಾಲು ನಡುವಿನ ಮೂಲೆಯಿಂದ ಹೊರಟು ಬಲಗಡೆಯ ತುದಿಗೆ ಹೋಗುತ್ತದೆ. ಮತ್ತೆ ಎಡಗಡೆಯ ತುದಿಯಿಂದ ಹಿಡಿದು ನಡುವಿಗೇ ಬರುತ್ತದೆ. ಹೀಗಾಗಿ ಯುದ್ಧದ ಮೊದಲ ಸಾವೂ ಕೊನೆಯ ಸಾವೂ ಅಕ್ಕಪಕ್ಕ.

ಕಲ್ಲನ್ನು ಕನ್ನಡಿಯಂತೆ ಉಜ್ಜಿದ್ದಾರೆ. ಮಗನ ಹೆಸರು ಓದುವ ತಾಯಿಗೆ ಆ ಹೆಸರಿನ ಮೇಲೆ ತನ್ನ ಮುಖವೇ ಕಾಣುತ್ತದೆ. ಜನ ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಾರೆ. ಮಕ್ಕಳು ನಾಣ್ಯದ ಅಚ್ಚು ತೆಗೀತಾರಲ್ಲ, ಹಂಗೆ. ಆ ಕಾಗದ ಮನೆಗೆ ಒಯ್ಯುತ್ತಾರೆ.

ಮೊದಲು ಜಗಳ ಬಹಳ ಆಯಿತು. "ಕರೀ ಕಲ್ಲು ಯಾಕೆ? ನೆಲದೊಳಗೆ ಯಾಕೆ? ಸೈನಿಕನ ಮೂರ್ತಿ ಎಲ್ಲಿ?" ಅಂತ ಕೂಗಾಡಿದರು. 1982ರ ನವೆಂಬರಿನಲ್ಲಿ ಗೋಡೆ ಜನರಿಗೆ ತೆರೆಯಿತು. ಮುಟ್ಟಿ ನೋಡಿದ ಮೇಲೆ ಕೂಗು ತಣ್ಣಗಾಯಿತು. ಆದರೂ 1984ರಲ್ಲಿ ಹತ್ತಿರವೇ ಮೂವರು ಸೈನಿಕರ ಮೂರ್ತಿ ಇಟ್ಟರು. ಗೋಡೆಯ ಮೇಲೆ ಎಂಟು ಹೆಂಗಸರ ಹೆಸರೂ ಇವೆ. ಸೇವೆ ಮಾಡಿದ ಹೆಂಗಸರಿಗಾಗಿ 1993ರಲ್ಲಿ ಬೇರೆ ಮೂರ್ತಿ ಬಂತು. ಹನ್ನೊಂದು ವರ್ಷ ಕಾಯಬೇಕಾಯಿತು ನೋಡಿ! ವಿಯೆಟ್ನಾಂನ ಜನ ಇದಕ್ಕಿಂತ ಎಷ್ಟೋ ಪಟ್ಟು ಸತ್ತರು. ಅವರ ಹೆಸರು ಅಲ್ಲಿಲ್ಲ. ಆ ಗೋಡೆಯ ದೊಡ್ಡ ಕೊರತೆ ಅದೇ ಅಂತ ನಮಗೆ ಅನಿಸುತ್ತದೆ.

ಈಗ ನಮ್ಮ ತೆಕ್ಕಲಕೋಟೆಗೆ ಬನ್ನಿ. ನಾಳೆ ಪಟ್ಟಣ ಪಂಚಾಯಿತಿಯವರು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಶಿಲ್ಪ ನಿಲ್ಲಿಸುತ್ತೇವೆ ಅಂದರೆ ನಾವು ಏನು ಕೇಳಬೇಕು? ಮೊದಲು ನಕ್ಷೆ ತೋರಿಸಿ ಅನ್ನಬೇಕು. ಮಣ್ಣಿನ ಮಾದರಿ ಕೇಳಬೇಕು. ಅಲ್ಲಿ ದಿನಾ ಓಡಾಡುವವರು ಯಾರು? ತಲೆ ಮೇಲೆ ಬುಟ್ಟಿ ಹೊತ್ತವಳಿಗೆ ಅದರ ಮೂಲೆ ಬಡಿಯದೇ? ಕೂಸು ಎತ್ತಿಕೊಂಡವಳು ಕೂತುಕೊಳ್ಳಲು ಜಗಲಿ ಉಂಟೇ? ಹೆಸರು ಕೆತ್ತುವುದಾದರೆ ಯಾರ ಹೆಸರು? ಹಣ ಕೊಟ್ಟವರದ್ದು ಮಾತ್ರವೋ, ಕಲ್ಲು ಹೊತ್ತವರದ್ದೂ ಉಂಟೋ? ಅಕ್ಷರ ಎಷ್ಟು ದಪ್ಪ? ಈಗಷ್ಟೇ ಓದಲು ಕಲಿತವರು ನಿಂತಲ್ಲೇ ಓದಬಹುದೇ?

ಬಿಸಿಲಿನ ಮಾತು ಮರೆಯಬಾರದು. ಕರಿಕಲ್ಲು ಬಿಸಿಲನ್ನು ಹೀರಿಕೊಳ್ಳುತ್ತದೆ. ನಮ್ಮ ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಮಧ್ಯಾಹ್ನ ಅದನ್ನು ಮುಟ್ಟಿದರೆ ಕೈ ಸುಡುತ್ತದೆ. ಮುಟ್ಟಿ ಓದುವ ಕಲ್ಲಾದರೆ ಅದರ ಪಕ್ಕ ಒಂದು ಬೇವಿನ ಗಿಡ ಹಚ್ಚಬೇಕು. ಅದೂ ಕಲ್ಲು ನಿಲ್ಲಿಸುವುದಕ್ಕೆ ನಾಲ್ಕೈದು ವರ್ಷ ಮೊದಲೇ.