ರಹಸ್ಯ ವರದಿಯೂ ನೌಕರನ ಸತ್ಕೀರ್ತಿಯೂ

ಕಚೇರಿಯೆಂಬುದು ಕೇವಲ ಕಡತಗಳೂ ಆಜ್ಞೆಗಳೂ ಓಡಾಡುವ ಸ್ಥಳವಲ್ಲ. ಮೇಲಧಿಕಾರಿಯ ಒಲವು ಮುನಿಸುಗಳೂ, ಸಹೋದ್ಯೋಗಿಗಳ ಪಂಗಡಗಳೂ, ಬಡ್ತಿಯ ನಿರೀಕ್ಷೆಯಿಂದ ಹುಟ್ಟುವ ಮತ್ಸರವೂ ಅಲ್ಲಿ ಇದ್ದೇ ಇರುತ್ತವೆ. ಕಾಲೇಜುಗಳ ಅಧ್ಯಾಪಕರ ಕೊಠಡಿ ಇದಕ್ಕೆ ಹೊರತೆಂದು ಹೇಳುವ ಧೈರ್ಯ ನಮಗಿಲ್ಲ. ಇಂತಹ ವಾತಾವರಣದಲ್ಲಿ ವೃತ್ತಿಯಿಂದ ಗಳಿಸಿದ ಒಳ್ಳೆಯ ಹೆಸರನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಸಾಮಾನ್ಯವಾಗಿ ನಡತೆಯ ಪ್ರಶ್ನೆಯೆಂದೆಣಿಸಿ, ಮಿತವಾಗಿ ಮಾತನಾಡಬೇಕು, ಗುಂಪಿಗೆ ಸೇರಬಾರದು ಎಂಬ ಹಿತವಚನಗಳಲ್ಲಿ ಮುಗಿಸಿಬಿಡುವುದುಂಟು. ಆದರೆ ಸರಕಾರಿ ಸೇವೆಯ ಮಟ್ಟಿಗಾದರೂ ಇದು ಮುಖ್ಯವಾಗಿ ಒಂದು ಕಾಗದದ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ. ನೌಕರನ ವಿಷಯದಲ್ಲಿ ಅವನ ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುವ ರಹಸ್ಯ ವರದಿಯೇ ಆ ಕಾಗದ.

ಅಧಿಕಾರದ ಸಮೀಪದಲ್ಲಿ ಬಾಳುವವನ ಸಂಕಟ ಹೊಸದೇನೂ ಅಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ರಾಜಸೇವಕನ ವರ್ತನೆಯನ್ನು ಕುರಿತ ಭಾಗಗಳಿವೆ. ಒಡೆಯನು ಮುನಿದಿದ್ದಾನೆಂಬುದನ್ನು ಯಾವ ಯಾವ ಕುರುಹುಗಳಿಂದ ತಿಳಿಯಬೇಕೆಂದು ಅಲ್ಲಿ ಹೇಳಿದೆ: ಕಂಡೊಡನೆ ಕೋಪ, ಮಾತಿಗೆ ಕಿವಿಗೊಡದಿರುವುದು, ಆಸನವನ್ನು ಕೊಡದಿರುವುದು, ದನಿಯಲ್ಲಿಯೂ ಮುಖವರ್ಣದಲ್ಲಿಯೂ ಆಗುವ ಮಾರ್ಪಾಟು, ಇತ್ಯಾದಿ. ಅಂದಿನ ಸೇವಕನು ಒಡೆಯನ ಮುಖವನ್ನು ಓದಿ ಎಚ್ಚರಗೊಳ್ಳಬಹುದಾಗಿತ್ತು. ಇಂದಿನ ಮೇಲಧಿಕಾರಿ ನಗುತ್ತಲೇ ಕುಳ್ಳಿರಿಸಿ ಕಾಫಿ ತರಿಸುತ್ತಾನೆ. ಅವನ ಮುನಿಸು ಮುಚ್ಚಿದ ಲಕೋಟೆಯಲ್ಲಿ ಮೇಲಕ್ಕೆ ಹೋಗಿರುತ್ತದೆ.

ವರದಿಯ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ, ನೌಕರನು ತಾನು ಆ ವರ್ಷ ಮಾಡಿದ ಕೆಲಸದ ವಿವರಣೆಯನ್ನು ತಾನೇ ಬರೆದುಕೊಡುತ್ತಾನೆ. ಅವನ ಕೆಲಸವನ್ನು ಹತ್ತಿರದಿಂದ ಕಂಡ ಅಧಿಕಾರಿ ಅದರ ಮೇಲೆ ತನ್ನ ಅಭಿಪ್ರಾಯವನ್ನು ದಾಖಲಿಸುತ್ತಾನೆ. ಅದನ್ನು ಇನ್ನೊಬ್ಬ ಹಿರಿಯ ಅಧಿಕಾರಿ ಪರಿಶೀಲಿಸುತ್ತಾನೆ. ಕನಿಷ್ಠ ಮೂರು ತಿಂಗಳು ಕೆಲಸವನ್ನು ನೋಡದೆ ವರದಿಯನ್ನು ಬರೆಯುವಂತಿಲ್ಲವೆಂಬುದು ಕೇಂದ್ರ ಸರಕಾರದ ನಿಯಮ. ಬಡ್ತಿಯ ಸಮಿತಿ ಕುಳಿತಾಗ ಅದರ ಮುಂದಿರುವುದು ನೌಕರನಲ್ಲ, ಈ ಹಾಳೆಗಳು. ಬಹುಕಾಲದವರೆಗೆ ಇವುಗಳಲ್ಲಿ ಪ್ರತಿಕೂಲವಾದ ಮಾತಿದ್ದರೆ ಮಾತ್ರ ಅದನ್ನು ನೌಕರನಿಗೆ ತಿಳಿಸುವ ಪದ್ಧತಿಯಿತ್ತು. ಹಾಗೆ ತಿಳಿಸದ ಪ್ರತಿಕೂಲ ಟೀಕೆಯನ್ನು ಆಧಾರವಾಗಿಟ್ಟುಕೊಂಡು ಬಡ್ತಿಯನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1979ರಲ್ಲಿಯೇ, ಗುರ್ದಯಾಳ್ ಸಿಂಗ್ ಫಿಜ್ಜಿ ಮೊಕದ್ದಮೆಯಲ್ಲಿ, ತೀರ್ಪುಕೊಟ್ಟಿತ್ತು.

ಆದರೆ ಪ್ರತಿಕೂಲವೆಂದರೇನು? ಕಚೇರಿಯ ರಾಜಕೀಯವನ್ನು ಬಲ್ಲವರಿಗೆ ಇದರ ಮರ್ಮ ತಿಳಿದಿದೆ. ವೈರಿಯನ್ನು ಹಾಳುಮಾಡಲು ಬೈಯಬೇಕಾಗಿಲ್ಲ. ಸ್ವಲ್ಪ ಕಡಮೆ ಹೊಗಳಿದರೆ ಸಾಕು. ಬೈದರೆ ಅವನಿಗೆ ತಿಳಿಸಬೇಕಾಗುತ್ತದೆ, ಅವನು ಉತ್ತರ ಕೊಡುತ್ತಾನೆ. ಕಡಮೆ ಹೊಗಳಿದರೆ ಅವನಿಗೆ ಏನೂ ತಿಳಿಯುವುದಿಲ್ಲ.

2008ರ ಮೇ ತಿಂಗಳಲ್ಲಿ ತೀರ್ಮಾನವಾದ ದೇವ್ ದತ್ ಮೊಕದ್ದಮೆ ಇಂತಹ ಪ್ರಸಂಗದಿಂದಲೇ ಹುಟ್ಟಿದುದು. ಗಡಿ ರಸ್ತೆಗಳ ಸೇವೆಯಲ್ಲಿದ್ದ ಕಾರ್ಯನಿರ್ವಾಹಕ ಎಂಜಿನಿಯರೊಬ್ಬರು ಮೇಲಿನ ಹುದ್ದೆಗೆ ಏರಬೇಕಾದರೆ ಐದು ವರ್ಷಗಳ ವರದಿಗಳಲ್ಲಿ ‘ಅತ್ಯುತ್ತಮ’ ಎಂಬ ದರ್ಜೆ ಬೇಕಾಗಿತ್ತು. 1993-94ರ ವರದಿಯಲ್ಲಿ ಅವರಿಗೆ ದೊರೆತುದು ‘ಉತ್ತಮ’. ಉತ್ತಮವೆಂಬುದು ನಿಂದೆಯಲ್ಲವಾದುದರಿಂದ ಅದನ್ನು ಅವರಿಗೆ ಯಾರೂ ತಿಳಿಸಲಿಲ್ಲ. ಬಡ್ತಿ ತಪ್ಪಿತು, ಕಿರಿಯರು ಮುಂದೆ ಹೋದರು. ಗೌಹಾತಿಯ ಉಚ್ಚ ನ್ಯಾಯಾಲಯದಲ್ಲಿಯೂ ಅವರಿಗೆ ನ್ಯಾಯ ದೊರೆಯಲಿಲ್ಲ. ಸರ್ವೋಚ್ಚ ನ್ಯಾಯಾಲಯವು ಈ ಒಂದು ಪದದ ಫಲವನ್ನು ನೋಡಿತೇ ಹೊರತು ಅದರ ನಿಘಂಟಿನ ಅರ್ಥವನ್ನಲ್ಲ. ಬಡ್ತಿಯ ಬಾಗಿಲನ್ನು ಮುಚ್ಚುವ ‘ಉತ್ತಮ’ವು ಪ್ರತಿಕೂಲವೇ ಸರಿಯೆಂದೂ, ಸೈನ್ಯವನ್ನುಳಿದು ಎಲ್ಲ ಸಾರ್ವಜನಿಕ ಸೇವೆಗಳಲ್ಲಿ ಪ್ರತಿಯೊಂದು ದರ್ಜೆಯನ್ನೂ, ಅದು ಅತಿ ಶ್ರೇಷ್ಠವಾದದ್ದಾಗಿದ್ದರೂ, ನೌಕರನಿಗೆ ತಿಳಿಸಬೇಕೆಂದೂ ಹೇಳಿತು. ಅಷ್ಟರಲ್ಲಿ ಆ ಎಂಜಿನಿಯರರು ನಿವೃತ್ತರಾಗಿದ್ದರು. ಅವರ ಮನವಿಯನ್ನು ಸ್ವೀಕರಿಸಿ, ದರ್ಜೆ ಮೇಲೇರಿದರೆ ಬಡ್ತಿಯನ್ನು ಹಿಂದಿನಿಂದಲೇ ಪರಿಗಣಿಸಿ ವೇತನದ ಮತ್ತು ಪಿಂಚಣಿಯ ಬಾಕಿಯನ್ನು ಬಡ್ಡಿಸಹಿತ ಕೊಡಬೇಕೆಂದು ಆಜ್ಞೆಯಾಯಿತು. ಹದಿನಾಲ್ಕು ವರ್ಷಗಳ ಹಿಂದಿನ ಒಂದು ಪದವನ್ನು ಅದನ್ನು ಬರೆದವರ ನೆನಪು ಮಾಸಿದ ಮೇಲೆ ತಿದ್ದಿಸಿಕೊಳ್ಳುವುದು ಎಂತಹ ನ್ಯಾಯವೆಂಬುದನ್ನು ವಾಚಕರೇ ಊಹಿಸಬಹುದು.

ಈ ತೀರ್ಪಿನ ಬೆನ್ನಲ್ಲಿ, 2009ರ ಮೇ 14ರ ಆದೇಶದ ಮೂಲಕ ಕೇಂದ್ರ ಸರಕಾರವು ‘ರಹಸ್ಯ’ ಎಂಬ ವಿಶೇಷಣವನ್ನೇ ಕೈಬಿಟ್ಟು, ವರದಿಗೆ ವಾರ್ಷಿಕ ಕಾರ್ಯಸಾಧನೆಯ ಮೌಲ್ಯಮಾಪನವೆಂಬ ಅರ್ಥದ ಹೆಸರನ್ನಿಟ್ಟಿತು. ವರದಿಯನ್ನು ಪೂರ್ಣವಾಗಿ ನೌಕರನಿಗೆ ತೋರಿಸಬೇಕು. ಅವನು 15 ದಿನಗಳೊಳಗೆ ಮನವಿಯನ್ನು ಸಲ್ಲಿಸಬಹುದು. 2013ರಲ್ಲಿ ಸುಖದೇವ್ ಸಿಂಗ್ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು 2008ರ ತತ್ತ್ವವನ್ನು ದೃಢಪಡಿಸಿತು. ರಾಜ್ಯಗಳಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ಅವವುಗಳ ನಿಯಮಗಳಿವೆ, ಅವಧಿಗಳು ಬೇರೆಯಾಗಿರಬಹುದು. ತನ್ನ ಸಂಸ್ಥೆಯ ನಿಯಮವನ್ನು ಓದದ ಅಧ್ಯಾಪಕನಿಗೆ ಸರ್ವೋಚ್ಚ ನ್ಯಾಯಾಲಯವೂ ನೆರವಾಗಲಾರದು.

ಇನ್ನು ಪ್ರಾಮಾಣಿಕತೆಯ ಅಂಕಣದ ವಿಚಾರ. ನೌಕರನ ಪ್ರಾಮಾಣಿಕತೆಯಲ್ಲಿ ಸಂಶಯವಿದ್ದರೆ ಆ ಅಂಕಣವನ್ನು ಬರಿದಾಗಿ ಬಿಟ್ಟು, ಪ್ರತ್ಯೇಕವಾದ ಗುಪ್ತ ಟಿಪ್ಪಣಿಯಲ್ಲಿ ಸಂಶಯದ ಕಾರಣವನ್ನು ಬರೆದು, ಅದರ ಸತ್ಯಾಸತ್ಯವನ್ನು ವಿಚಾರಿಸಿ, ಅನಂತರವೇ ಅಂಕಣವನ್ನು ತುಂಬಬೇಕೆಂಬುದು ವಿಧಿ. ವಿಧಿಯ ಉದ್ದೇಶ ಒಳ್ಳೆಯದೇ. ಸಾಬೀತಾಗದ ಆರೋಪ ಶಾಶ್ವತವಾದ ದಾಖಲೆಯಾಗಬಾರದು. ಆದರೆ ಅಂಕಣವನ್ನು ಬರಿದಾಗಿ ಬಿಟ್ಟು ವಿಚಾರಣೆಯನ್ನು ಮರೆತರೆ, ಆ ಖಾಲಿ ಜಾಗವೇ ಮಾತನಾಡತೊಡಗುತ್ತದೆ. ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದುದು ದರ್ಜೆಯನ್ನಲ್ಲ, ಈ ಅಂಕಣವನ್ನು.

ಮೂಗರ್ಜಿಗಳ ಹಾವಳಿ ಬೇರೆಯೇ ಬಗೆಯದು. ಹೆಸರಿಲ್ಲದ, ಇಲ್ಲವೇ ಸುಳ್ಳು ಹೆಸರಿನ ಅರ್ಜಿಗಳ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬಾರದೆಂದು ಕೇಂದ್ರ ಜಾಗೃತ ಆಯೋಗವು 1999ರ ಜೂನ್ ತಿಂಗಳಲ್ಲಿ ಸುತ್ತೋಲೆ ಹೊರಡಿಸಿತು. 2002ರಲ್ಲಿ ಅದನ್ನು ಸ್ವಲ್ಪ ಸಡಿಲಿಸಿ, 2014ರಲ್ಲಿ ಮತ್ತೆ ಬಿಗಿಗೊಳಿಸಿತು. ಬಡ್ತಿಯ ಸಮಯಕ್ಕೆ ಸರಿಯಾಗಿ ಮೂಗರ್ಜಿ ಹುಟ್ಟುವುದು ಕಾಕತಾಳೀಯವಲ್ಲವೆಂಬುದನ್ನು ಎಲ್ಲ ಕಚೇರಿಗಳೂ ಬಲ್ಲವು. ಮೂಗರ್ಜಿಗೆ ಮೂಗರ್ಜಿಯಿಂದಲೇ ಉತ್ತರ ಕೊಡಲು ಹೊರಟವನು ತನ್ನ ಹೆಸರನ್ನು ತಾನೇ ಕಳೆದುಕೊಳ್ಳುತ್ತಾನೆ. ಅಕ್ಷರದ ಜಾಡು, ಬೆರಳಚ್ಚಿನ ಜಾಡು ಒಂದಲ್ಲ ಒಂದು ದಿನ ಮನೆಗೇ ಬರುತ್ತದೆ.

ಹಾಗಾದರೆ ನೌಕರನ ಕೈಯಲ್ಲಿರುವುದೇನು? ಎಲ್ಲಕ್ಕಿಂತ ಮೊದಲು, ತಾನೇ ಬರೆಯುವ ಕಾರ್ಯವಿವರಣೆ. ಇದನ್ನು ಅನೇಕರು ಕೊನೆಯ ದಿನ ಅವಸರದಲ್ಲಿ ಗೀಚಿ ಕೊಡುವುದನ್ನು ನಾವು ಕಂಡಿದ್ದೇವೆ. ಒಬ್ಬ ಅಧ್ಯಾಪಕರು ‘ಪಾಠಪ್ರವಚನಗಳನ್ನು ತೃಪ್ತಿಕರವಾಗಿ ನಡೆಸಿದ್ದೇನೆ’ ಎಂದು ಬರೆದಿದ್ದಾರೆಂದೂ, ಇನ್ನೊಬ್ಬರು ಇಂತಹ ತರಗತಿಗೆ ಇಷ್ಟು ಗಂಟೆ, ಇಂತಹ ತಾರೀಖಿನಂದು ಪ್ರಾಂಶುಪಾಲರ ಲಿಖಿತ ಆಜ್ಞೆಯಂತೆ ಪರೀಕ್ಷೆಯ ಮೇಲ್ವಿಚಾರಣೆ ಎಂದು ಬರೆದಿದ್ದಾರೆಂದೂ ಇಟ್ಟುಕೊಳ್ಳೋಣ. ಮೊದಲಿನವರ ವಿಷಯದಲ್ಲಿ ‘ಕರ್ತವ್ಯದಲ್ಲಿ ಆಸಕ್ತಿ ಸಾಲದು’ ಎಂದು ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಎರಡನೆಯವರ ವಿಷಯದಲ್ಲಿ ಹಾಗೆ ಬರೆಯುವವನು ತನ್ನದೇ ಆಜ್ಞೆಗಳಿಗೆ ವಿರುದ್ಧವಾಗಿ ಬರೆಯಬೇಕಾಗುತ್ತದೆ. ಬಾಯಿಮಾತಿನ ಆಜ್ಞೆ ಬಂದಾಗ, ‘ತಾವು ಹೇಳಿದಂತೆ ಮಾಡಿದ್ದೇನೆ’ ಎಂದು ಅಂದೇ ಎರಡು ಸಾಲಿನ ಟಿಪ್ಪಣಿ ಕಳುಹಿಸಿ ಪ್ರತಿಯನ್ನು ಇಟ್ಟುಕೊಳ್ಳುವುದು ಇದೇ ಜಾಣ್ಮೆಗೆ ಸೇರಿದುದು. ಇದನ್ನು ಅವಿಶ್ವಾಸವೆಂದು ಕೆಲವರು ಆಕ್ಷೇಪಿಸುವುದುಂಟು. ವಿನಯದಿಂದ ಬರೆದ ಟಿಪ್ಪಣಿಯಿಂದ ಕೆಡುವ ಸ್ನೇಹವು ಮೊದಲೇ ಕೆಟ್ಟಿರಬೇಕು.

ಮನವಿಯ ಭಾಷೆಯನ್ನು ಕುರಿತೂ ಒಂದು ಮಾತು. ಮೇಲಧಿಕಾರಿಯ ದ್ವೇಷವನ್ನು ವರ್ಣಿಸುವುದರಿಂದ ಪ್ರಯೋಜನವಿಲ್ಲ. ದ್ವೇಷವನ್ನು ಸಾಧಿಸುವುದು ಕಷ್ಟ, ವಾಸ್ತವಾಂಶದ ದೋಷವನ್ನು ತೋರಿಸುವುದು ಸುಲಭ. ಹಿಂದಿನ ವರ್ಷಗಳ ವರದಿಗಳೇ ಬಲವಾದ ಸಾಕ್ಷಿ. ಒಡಿಶಾದ ಕಾಲೇಜು ಅಧ್ಯಾಪಕರೊಬ್ಬರನ್ನು ಮುಖ್ಯವಾಗಿ ಒಂದು ವರ್ಷದ ಪ್ರತಿಕೂಲ ವರದಿಯ ಬಲದಿಂದ ಕಡ್ಡಾಯವಾಗಿ ನಿವೃತ್ತಗೊಳಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ ಅವರ ಒಟ್ಟು ಸೇವೆಯ ದಾಖಲೆಯನ್ನು ನೋಡಿಯೇ ರದ್ದುಪಡಿಸಿತು.

ಕಾಗದಕ್ಕೆ ಬಾರದ ಅಪವಾದಕ್ಕೆ ಮಾತ್ರ ಇಂತಹ ಮದ್ದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಮಾನಹಾನಿಯನ್ನು ಅಪರಾಧವೆನ್ನುತ್ತದೆ. ಆದರೆ ಅಧಿಕಾರವುಳ್ಳವರ ಮುಂದೆ ಸದ್ಭಾವನೆಯಿಂದ ಮಾಡಿದ ದೂರನ್ನು ಅದೇ ಕಲಮು ಹೊರಗಿಡುತ್ತದೆ. ಚಾಡಿಕೋರನೂ ಸದ್ಭಾವನೆಯ ವೇಷವನ್ನೇ ಧರಿಸುತ್ತಾನೆ. ವರದಿ ಬಹಿರಂಗವಾದ ಮೇಲೆ ಮನಸ್ತಾಪಕ್ಕೆ ಹೆದರಿದ ಅಧಿಕಾರಿಗಳು ಎಲ್ಲರಿಗೂ ಮೇಲಿನ ಅಂಕಗಳನ್ನೇ ಕೊಡುವ ಪ್ರವೃತ್ತಿಯೂ ಕಾಣುತ್ತದೆ; ಆಗ ನಿಜವಾದ ಅಭಿಪ್ರಾಯವು ದೂರವಾಣಿಗೆ ಸರಿಯುತ್ತದೆ. ಇದನ್ನು ತಡೆಯುವ ನಿಯಮವನ್ನು ಯಾರೂ ರಚಿಸಿಲ್ಲ.

ಅಧ್ಯಾಪಕರಿಗೆ ವಿಶೇಷವಾಗಿ ಹೇಳಬೇಕಾದುದೊಂದಿದೆ. ವರದಿಯ ಪ್ರತಿ ಕೆಲವೊಮ್ಮೆ ರಜೆಯ ದಿನಗಳಲ್ಲಿ ಬರುತ್ತದೆ. ಕಚೇರಿಯ ಗುಮಾಸ್ತೆ ತೋರಿಸಿದ ಜಾಗದಲ್ಲಿ ಓದದೆಯೇ ರುಜು ಹಾಕಿ ಊರಿಗೆ ಹೊರಡುವುದು ನಮ್ಮಲ್ಲಿ ಅಪರೂಪವಲ್ಲ. ಅವಧಿಯ ಲೆಕ್ಕ ತೊಡಗುವುದು ಪ್ರತಿ ಕೈಸೇರಿದಂದಿನಿಂದ. ಅದರೊಳಗೆ ಮನವಿ ಬಾರದಿದ್ದರೆ ವರದಿ ಅಂತಿಮವಾಗುತ್ತದೆ. ರುಜುವಿನ ಕೆಳಗೆ ತಾರೀಖನ್ನು ತಾನೇ ಬರೆಯಬೇಕು.