ಜಾಳಿಗೆಯ ಕೊಡೆಗೆ ಇಳಿದ ಕನ್ನಡ

ಮುರಗಾಂವ್ ಬಂದರಿನ ಆಸುಪಾಸಿನಲ್ಲಿರುವ ಬೈನಾ, ಮಾಂಗೋರ್ ಗುಡ್ಡ, ಝುವಾರಿನಗರಗಳ ಓಣಿಗಳಲ್ಲಿ ಸಂಜೆಯ ಹೊತ್ತು ನಡೆದಾಡುವವನಿಗೆ, ತಾನಿರುವುದು ಗೋವೆಯಲ್ಲಿಯೋ ವಿಜಾಪುರದ ಸೀಮೆಯಲ್ಲಿಯೋ ಎಂಬ ಭ್ರಮೆ ಹುಟ್ಟುವಷ್ಟು ಧಾರಾಳವಾಗಿ ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬೀಳುತ್ತದೆ. ಮಳೆಯಿಲ್ಲದ ನೆಲವನ್ನು ಬಿಟ್ಟು, ಲೋಂಡಾ, ಕ್ಯಾಸಲ್‌ರಾಕ್‌ಗಳ ಮಾರ್ಗವಾಗಿ ಘಟ್ಟವಿಳಿಯುವ ರೈಲನ್ನು ಹಿಡಿದು ಬಂದು, ಬಂದರಿನಲ್ಲಿಯೂ ಕಟ್ಟಡದ ಕೆಲಸಗಳಲ್ಲಿಯೂ ದುಡಿದು ಇಲ್ಲಿಯೇ ನೆಲೆನಿಂತ ಈ ಜನರಲ್ಲಿ ಅರುವತ್ತು ದಾಟಿದವರನ್ನು ಕಂಡಾಗಲೆಲ್ಲ ನಾನು ಕೆಲವು ವರ್ಷಗಳಿಂದ ಕೇಳುತ್ತ ಬಂದಿರುವುದು ಒಂದೇ ಪ್ರಶ್ನೆ: ನಿಮ್ಮೂರಿನ ಶಾಲೆಗೆ ಆಕಾಶದಿಂದ ಟೀವಿ ಬರುತ್ತಿದ್ದುದು ನೆನಪಿದೆಯೆ?

ಕನ್ನಡದ ಟೀವಿ ಮೊದಲು ಬೆಂಗಳೂರಿಗೆ ಬಂದಿತೆಂದು ನಂಬಿರುವವರು ಅನೇಕರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದುದು 1981ರ ನವೆಂಬರ್ 1ರಂದು. ಅದಕ್ಕೆ ಆರು ವರ್ಷಗಳ ಹಿಂದೆಯೇ, 1975ರ ಆಗಸ್ಟ್ 1ರಿಂದ ಮೊದಲುಗೊಂಡು ಒಂದು ವರ್ಷದ ಕಾಲ, ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗರು ಉಪಗ್ರಹದಿಂದ ನೇರವಾಗಿ ಇಳಿದು ಬರುತ್ತಿದ್ದ ಕನ್ನಡ ಕಾರ್ಯಕ್ರಮಗಳನ್ನು ನೋಡಿದ್ದರು. ಹೊಸ ವಿದ್ಯೆಗಳೆಲ್ಲ ನಗರದಿಂದ ಹಳ್ಳಿಗೆ ಹರಿಯುವ ನಮ್ಮ ನಾಡಿನಲ್ಲಿ ಈ ಒಂದು ವಿದ್ಯೆ ಮಾತ್ರ ಹಳ್ಳಿಯನ್ನೇ ಮೊದಲು ಮುಟ್ಟಿತೆಂಬುದು ನನಗೆ ಇಂದಿಗೂ ಸೋಜಿಗದ ಸಂಗತಿಯಾಗಿ ಉಳಿದಿದೆ.

ಅದರ ಹೆಸರು ‘ಸೈಟ್’, ಎಂದರೆ ಉಪಗ್ರಹದ ಮೂಲಕ ಬೋಧನೆಯ ಪ್ರಯೋಗ. ವಿಕ್ರಮ ಸಾರಾಭಾಯಿಯವರು ಕಂಡ ಕನಸಿನ ಫಲವಾಗಿ 1969ರಲ್ಲಿ ಭಾರತವು ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಆದರೆ 1971ರ ಕೊನೆಯಲ್ಲಿ ತೀರಿಕೊಂಡ ಸಾರಾಭಾಯಿಯವರಿಗೆ ಅದನ್ನು ಕಣ್ಣಾರೆ ಕಾಣುವ ಭಾಗ್ಯವಿರಲಿಲ್ಲ. ಎಟಿಎಸ್-6 ಎಂಬ ಉಪಗ್ರಹವನ್ನು ಪೂರ್ವ ಆಫ್ರಿಕದ ನೆತ್ತಿಗೆ ಸರಿಸಿ ನಿಲ್ಲಿಸಲಾಯಿತು. ಅಹಮದಾಬಾದಿನ ಭೂಕೇಂದ್ರದಿಂದ ಮೇಲೇರಿದ ಚಿತ್ರವನ್ನು ಅದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಮರಳಿಸುತ್ತಿತ್ತು. ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ: ಬೆಳಗಿನ ಒಂದೂವರೆ ಗಂಟೆಯು ಹಿಂದಿ, ಒಡಿಯಾ, ತೆಲುಗು, ಕನ್ನಡಗಳ ಶಾಲಾಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆಯು ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮೊದಲಾದವುಗಳಿಗೆ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಹಳ್ಳಿಯ ಶಾಲೆಯಲ್ಲಿಯೋ ಪಂಚಾಯತಿಯ ಕಟ್ಟಡದಲ್ಲಿಯೋ ಒಂದು ಟೀವಿ, ಹೊರಗೆ ಕೋಳಿಗೂಡಿಗೆ ಹೊದಿಸುವಂಥ ತಂತಿಜಾಳಿಗೆಯಿಂದ ಮಾಡಿದ, ಹತ್ತು ಅಡಿ ಅಗಲದ, ಮೊಗ ಮೇಲಾಗಿಸಿದ ಕೊಡೆಯಂಥ ಆಂಟೆನಾ. ಅಷ್ಟರಿಂದಲೇ ಆಕಾಶವು ಊರಿನ ಅಂಗಳಕ್ಕೆ ಇಳಿಯುತ್ತಿತ್ತು.

ಆ ಪಾಠಗಳು ಈಗ ಎಲ್ಲಿವೆ? ಈ ಹುಡುಕಾಟದಲ್ಲಿ ನನಗೆ ವರದಿಗಳು ಬೇಕಾದಷ್ಟು ದೊರೆತವು: ಉಪಕರಣಗಳು ಎಷ್ಟು ದಿನ ಕೆಟ್ಟು ನಿಂತವು, ಎಷ್ಟು ಮಂದಿ ನೋಡಿದರು, ನೋಡಿದವರು ಏನು ಕಲಿತರು ಎಂಬ ಕೋಷ್ಟಕಗಳೆಲ್ಲ ಅಚ್ಚುಕಟ್ಟಾಗಿ ಉಳಿದಿವೆ. ಆದರೆ ಅವರೆಲ್ಲ ನೋಡಿದ ಆ ಕನ್ನಡದ ಪಾಠ, ಆ ಕನ್ನಡದ ದನಿ, ಒಂದೂ ನನ್ನ ಕೈಗೆ ಬರಲಿಲ್ಲ. ಒಂದು ಕಚೇರಿಯಲ್ಲಿ ವಯಸ್ಸಾದ ನೌಕರರೊಬ್ಬರು, ಟೇಪುಗಳನ್ನು ಅಳಿಸಿ ಮತ್ತೆ ಬಳಸುವುದೇ ಆಗಿನ ಪರಿಪಾಠವಾಗಿತ್ತೆಂದು ಮೆಲುದನಿಯಲ್ಲಿ ಹೇಳಿದರು. ಅವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ವಿದೇಶೀ ವಿನಿಮಯವು ದುರ್ಲಭವಾಗಿದ್ದ ಆ ದಿನಗಳಲ್ಲಿ ಹೊರನಾಡಿನಿಂದ ತರಿಸಿದ ಟೇಪು ಬೆಲೆಬಾಳುವ ಪದಾರ್ಥವಾಗಿತ್ತು. ಮುಗಿದ ಪಾಠಕ್ಕಿಂತ ನಾಳಿನ ಪಾಠ ಮುಖ್ಯವೆಂದು ತೋರಿದುದರಲ್ಲಿ ಅಸಹಜವೇನಿದೆ? ಮಾನವನು ಚಂದ್ರನ ಮೇಲೆ ಕಾಲಿಟ್ಟ ಕ್ಷಣದ ಮೂಲ ಟೇಪುಗಳನ್ನೇ ನಾಸಾ ಸಂಸ್ಥೆಯು ಅಳಿಸಿ ಮರುಬಳಕೆ ಮಾಡಿರಬೇಕೆಂದು 2009ರಲ್ಲಿ ತಾನೇ ಒಪ್ಪಿಕೊಂಡಿತಷ್ಟೆ.

ಅಳಿಸದೆ ಉಳಿದ ಟೇಪಿಗೂ ಹವೆಯೇ ವೈರಿ. ಪ್ಲಾಸ್ಟಿಕ್ಕಿನ ಪಟ್ಟಿಗೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಹಿಡಿದಿಟ್ಟಿರುವ ಅಂಟು ತೇವವನ್ನು ಹೀರಿ ಜಿಗುಟಾಗುತ್ತದೆ; ಯಂತ್ರಕ್ಕೆ ಹಾಕಿದೊಡನೆ ಪುಡಿಯು ಕಿತ್ತು ಬಂದು, ಓದುವ ಯತ್ನವೇ ಅಳಿಸುವ ಕೆಲಸವಾಗಿಬಿಡುತ್ತದೆ. ಗೋವೆಯ ಆಷಾಢದಲ್ಲಿ ನನ್ನ ಸ್ವಂತ ಕ್ಯಾಸೆಟ್ಟುಗಳ ಅಂಚಿನಲ್ಲಿ ಬಿಳಿಯ ಬೂಷ್ಟು ಹಬ್ಬಿದುದನ್ನು ಕಂಡ ದಿನವೇ ನನಗೆ ಈ ಕೆಲಸದ ತ್ವರೆ ಮನಸ್ಸಿಗೆ ನಾಟಿತು. ಇನ್ನೊಂದು ತೊಡಕೂ ಇದೆ. ಆ ಉಪಗ್ರಹವು ಒಂದೇ ಚಿತ್ರದೊಡನೆ ಎರಡು ಧ್ವನಿಗಳನ್ನು, ಎಂದರೆ ಎರಡು ಭಾಷೆಗಳನ್ನು, ಒಯ್ಯಬಲ್ಲುದಾಗಿತ್ತು. ಆದುದರಿಂದ ಎಲ್ಲಿಯಾದರೂ ಒಂದು ಚಿತ್ರ ದೊರೆತರೂ, ಅದರೊಡನೆ ಕನ್ನಡವೂ ದೊರೆಯುವುದೆಂಬ ಭರವಸೆಯಿಲ್ಲ.

ಇದೇ ಗೋವೆಯ ಪಣಜಿಯಲ್ಲಿ 1595ರಲ್ಲಿ ಸ್ಥಾಪಿತವಾದ ದಾಖಲೆಗಳ ಭಂಡಾರವಿದೆ. ಇತಿಹಾಸಕಾರ ದಿಯೋಗೊ ದೊ ಕೌಟೊ ಅದರ ಮೊದಲ ಪಾಲಕ. ಗೋಯ್‌ಕಾನಡಿ ಎಂದು ಕರೆಯುವ, ನಮ್ಮ ಅಕ್ಷರಗಳ ಒಡಹುಟ್ಟಿದ ಲಿಪಿಯಲ್ಲಿ ಬರೆದ ಹಳೆಯ ಗ್ರಾಮಪತ್ರಗಳು ಗೋವೆಯಲ್ಲಿ ಇಂದಿಗೂ ಉಳಿದಿವೆ. ಶತಮಾನಗಳ ಮಳೆಗಾಲವನ್ನು ಕಾಗದವು ಗೆದ್ದಿದೆ. ಐವತ್ತನ್ನು ಗೆಲ್ಲುವುದು ಟೇಪಿಗೆ ದುಸ್ಸಾಧ್ಯವಾಗಿದೆ.

ಹೀಗಾಗಿ ನಾನು ಕಪಾಟುಗಳನ್ನು ಬಿಟ್ಟು ಮನುಷ್ಯರನ್ನು ಹುಡುಕತೊಡಗಿದೆ. ಬೈನಾದಲ್ಲಿ ಮಗನ ಮನೆಯಲ್ಲಿರುವ ವಿಜಾಪುರ ಜಿಲ್ಲೆಯ ಆಯಿಯೊಬ್ಬರು, ನಾನು ಪ್ರಶ್ನೆಯನ್ನು ಮುಗಿಸುವ ಮೊದಲೇ, ಎರಡು ಕೈಗಳನ್ನೂ ಅಗಲಿಸಿ ಕೊಡೆಯ ಆಕಾರವನ್ನು ತೋರಿಸಿದರು. “ಸಾಲೀ ಬಾಜೂಕ ಇಟ್ಟಿದ್ರು ತಮ್ಮಾ, ಇಷ್ಟ್ ದೊಡ್ಡ ಜಾಳಗಿ. ಕಾಗಿ ಕುಂತ್ರ ಹುಡುಗ್ರು ಕಲ್ಲ ಒಗೀತಿದ್ರು, ಮಾಸ್ತರು ಬೈತಿದ್ರು.” ಆಗ ಅವರಿಗೆ ಇಪ್ಪತ್ತರ ಪ್ರಾಯ, ಕಂಕುಳಲ್ಲಿ ಕೂಸು. ಹೆಂಗಸರು ಒಂದು ಬದಿಗೆ, ಗಂಡಸರು ಒಂದು ಬದಿಗೆ ನೆಲದ ಮೇಲೆ ಕುಳಿತು ನೋಡುತ್ತಿದ್ದರಂತೆ. 1976ರ ಜುಲೈ 31ರಂದು ಪ್ರಯೋಗವು ಮುಗಿದು ಉಪಗ್ರಹವು ಅಮೆರಿಕದವರ ಕೆಲಸಕ್ಕೆ ಮರಳಿದುದನ್ನು ಅವರಿಗೆ ಯಾರೂ ಹೇಳಿದಂತಿಲ್ಲ. “ಒಂದಿನ ಹಚ್ಚಿದ್ರು, ಬರಲೇ ಇಲ್ಲ” ಎಂದಷ್ಟೇ ಅವರ ನೆನಪು. ಮರುವರ್ಷ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂದಿತಾದರೂ, ಅದರ ಅಲೆಗಳು ಇವರ ಊರಿನವರೆಗೆ ಬರಲಿಲ್ಲ.

ಅವರ ಮಾತನ್ನು ನಾನು ಧ್ವನಿಮುದ್ರಿಸಿಕೊಂಡು ಎರಡು ಕಡೆ ಕಾಪಿಟ್ಟಿದ್ದೇನೆ. ಹೊರಡುವಾಗ ಆಯಿ ಬಾಗಿಲವರೆಗೆ ಬಂದು ಕೈಹಿಡಿದು ನಿಲ್ಲಿಸಿದರು.

“ಸಿಕ್ಕರ ನನಗೂ ತೋರಸು ತಮ್ಮಾ. ಬಿಳಿಜ್ವಾಳಕ್ಕ ಹುಳಾ ಬಿದ್ರ ಏನ್ ಮಾಡ್ಬೇಕಂತ ಹೇಳಾಕತ್ತಿದ್ರು. ಅರ್ಧಾ ಆಗಿತ್ತು, ಅಷ್ಟರಾಗ ಕರೆಂಟ್ ಹೋತು.”